ಕಸ ಯಾವುದು, ರಸ ಯಾವುದು: ಅಳಿಸಿಹೋದ ಒಂದು ಸಾಲಿನ ಚರಿತ್ರೆ

ತಂತ್ರಾಂಶದ ಚರಿತ್ರೆ ಬರೆಯುವವರ ಕಣ್ಣು ಸಹಜವಾಗಿಯೇ ಹೊಸದಾಗಿ ಹುಟ್ಟಿದ್ದರ ಮೇಲಿರುತ್ತದೆ. ಯಾವ ವರ್ಷ ಯಾವ ಕಾರ್ಯಾಚರಣ ವ್ಯವಸ್ಥೆ ಬಂತು, ಯಾರು ಯಾವ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದರು, ಯಾವ ಕಂಪನಿ ಯಾವುದನ್ನು ನುಂಗಿತು ಎಂಬ ವಿವರಗಳಲ್ಲೇ ಆ ಚರಿತ್ರೆ ಮುಗಿದುಹೋಗುತ್ತದೆ. ಅಳಿಸಿದ್ದಕ್ಕೆ ಅಲ್ಲಿ ಜಾಗವಿಲ್ಲ. ಆದರೆ ಮುಕ್ತ ತಂತ್ರಾಂಶ ಯೋಜನೆಗಳ ಹಳೆಯ ಕಡತಗಳನ್ನೂ ಪತ್ರವ್ಯವಹಾರವನ್ನೂ ಓದುತ್ತಾ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಳಿಸುವಿಕೆಗಳೇ. ಬೇಡವಾದ ಸಾಲೊಂದನ್ನು ತೆಗೆಯುವುದು, ಗೊಂದಲದ ಹೆಸರೊಂದನ್ನು ತಿದ್ದುವುದು, ಪದೇ ಪದೇ ಬರುವ ಎಚ್ಚರಿಕೆಯ ಸಂದೇಶವನ್ನು ನಿಲ್ಲಿಸುವುದು: ಇಂಥವನ್ನು ಪ್ರೋಗ್ರಾಮರ್‌ಗಳು ‘ಕ್ಲೀನಪ್’ ಎನ್ನುತ್ತಾರೆ. ಮನೆಯ ಕಸ ಗುಡಿಸಿದ ಹಾಗೆ. ಗುಡಿಸಿದವರಿಗೆ ಹೆಸರಿಲ್ಲ, ಅದನ್ನು ಓದಿ ಒಪ್ಪಿದವರಿಗಂತೂ ಇಲ್ಲವೇ ಇಲ್ಲ.

ಅಂಥದೊಂದು ಗುಡಿಸುವಿಕೆ 2006ರಲ್ಲಿ ನಡೆಯಿತು. ಅದರಿಂದಾಗಿ ಸುಮಾರು ಇಪ್ಪತ್ತು ತಿಂಗಳು ಲೋಕದ ಲೆಕ್ಕವಿಲ್ಲದಷ್ಟು ಕಂಪ್ಯೂಟರ್‌ಗಳ ಬೀಗಗಳು ಹೆಸರಿಗಷ್ಟೇ ಬೀಗಗಳಾಗಿದ್ದವು. ಮೋಸ ಮಾಡುವ ಉದ್ದೇಶ ಯಾರಿಗೂ ಇರಲಿಲ್ಲ. ಕದ್ದುಮುಚ್ಚಿ ಯಾರೂ ಏನನ್ನೂ ಮಾಡಲಿಲ್ಲ. ಎಲ್ಲರ ಎದುರಿಗೇ ಕೇಳಲಾಯಿತು, ಎಲ್ಲರ ಎದುರಿಗೇ ಒಪ್ಪಿಗೆ ಸಿಕ್ಕಿತು. ಹಾಗಿದ್ದೂ ಅನಾಹುತ ಆದದ್ದು ಹೇಗೆ ಎಂಬುದು ಈ ಲೇಖನದ ಪ್ರಶ್ನೆ.

ಕೊಳ ಮತ್ತು ಕೊಡ

ಓಪನ್‌ಎಸ್‌ಎಸ್‌ಎಲ್ ಎಂಬುದು ಒಂದು ತಂತ್ರಾಂಶ ಲೈಬ್ರರಿ. ಇಲ್ಲಿ ಲೈಬ್ರರಿ ಎಂದರೆ ಬೇರೆ ಪ್ರೋಗ್ರಾಮ್‌ಗಳು ಎರವಲು ಪಡೆದು ಬಳಸುವ ಸಿದ್ಧ ಕೋಡಿನ ಭಂಡಾರ. ನಾವು ಬ್ಯಾಂಕಿನ ಜಾಲತಾಣ ತೆರೆದಾಗ ಆಚೆ ತುದಿಯ ಸರ್ವರ್ ನಮ್ಮೊಡನೆ ಗುಟ್ಟಾಗಿ ಮಾತಾಡಬೇಕಲ್ಲ, ಅದಕ್ಕೆ ಬೇಕಾದ ಗೂಢಲಿಪಿಯ ಕೆಲಸವನ್ನು ಹಲವು ಕಡೆ ಈ ಲೈಬ್ರರಿಯೇ ಮಾಡುತ್ತದೆ. ಇದರ ಮೂಲ ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ 1995ರ ಸುಮಾರಿಗೆ ಬರೆಯತೊಡಗಿದ ಎಸ್‌ಎಸ್‌ಎಲ್‌ಇಎವೈ. ಆ ಹೆಸರಿನ ಕೊನೆಯ ಮೂರಕ್ಷರಗಳು ಯಂಗ್ ಅವರ ಹೆಸರಿನ ಮೊದಲಕ್ಷರಗಳು. 1998ರ ಕೊನೆಯಲ್ಲಿ ಅವರಿಬ್ಬರೂ ಬಿಟ್ಟುಹೋದ ಕೋಡನ್ನು ಬೇರೆ ಕೆಲವರು ಕೈಗೆತ್ತಿಕೊಂಡು ಓಪನ್‌ಎಸ್‌ಎಸ್‌ಎಲ್ ಎಂದು ಹೆಸರಿಟ್ಟು ಮುಂದುವರಿಸಿದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕಾಪಾಡುವುದು ಅಲ್ಲಿಂದಲೇ ಶುರುವಾಯಿತು ಎಂಬುದನ್ನು ಓದುಗರು ನೆನಪಿಡಬೇಕು.

ಗೂಢಲಿಪಿಗೆ ಊಹಿಸಲಾಗದ ಸಂಖ್ಯೆಗಳು ಬೇಕು. ಕೀಲಿ ಎಂಬುದು ಒಂದು ದೊಡ್ಡ ಸಂಖ್ಯೆಯಷ್ಟೇ. ಅದನ್ನು ಬೇರೆಯವರು ಊಹಿಸಬಲ್ಲರಾದರೆ ಬೀಗ ಎಷ್ಟು ಗಟ್ಟಿಯಾಗಿದ್ದರೂ ವ್ಯರ್ಥ. ಆದರೆ ಕಂಪ್ಯೂಟರು ಹೇಳಿದ್ದನ್ನು ಹೇಳಿದಂತೆ ಮಾಡುವ ಯಂತ್ರ, ಅದಕ್ಕೆ ಕವಡೆ ಎಸೆಯಲು ಬರುವುದಿಲ್ಲ. ಹಾಗಾಗಿ ಓಪನ್‌ಎಸ್‌ಎಸ್‌ಎಲ್ ಒಂದು ಕೊಳವನ್ನು ಇಟ್ಟುಕೊಂಡಿತ್ತು. ಕಾರ್ಯಾಚರಣ ವ್ಯವಸ್ಥೆ ಅಲ್ಲಿಂದ ಇಲ್ಲಿಂದ ಸಂಗ್ರಹಿಸಿದ ಅನಿಶ್ಚಿತತೆಯನ್ನು ತಂದು ಆ ಕೊಳಕ್ಕೆ ಸುರಿಯುವುದು ಒಂದು ಫಂಕ್ಷನ್ನಿನ ಕೆಲಸ. ಚೆನ್ನಾಗಿ ಕಲಸಿದ ಮೇಲೆ ಕೊಳದಿಂದ ಸಂಖ್ಯೆಗಳನ್ನು ಮೊಗೆದು ಕೊಡುವುದು ಇನ್ನೊಂದು ಫಂಕ್ಷನ್ನಿನ ಕೆಲಸ.

ಈ ಎರಡೂ ಇದ್ದದ್ದು ಒಂದೇ ಕಡತದಲ್ಲಿ. ಎರಡರಲ್ಲೂ ಅಕ್ಷರಕ್ಕೆ ಅಕ್ಷರ ಹೊಂದುವ ಒಂದು ಸಾಲಿತ್ತು: ‘ಬಫ್’ ಎಂಬ ಹೆಸರಿನ ಪಾತ್ರೆಯಲ್ಲಿ ಇರುವುದನ್ನು ಕೊಳದೊಂದಿಗೆ ಕಲಸು ಎಂಬ ಆದೇಶ. ಆದರೆ ಮೊದಲ ಫಂಕ್ಷನ್ನಿನಲ್ಲಿ ‘ಬಫ್’ ಎಂದರೆ ಕೊಳಕ್ಕೆ ನೀರು ಹೊತ್ತು ತಂದ ಕೊಡ. ಎರಡನೆಯದರಲ್ಲಿ ‘ಬಫ್’ ಎಂದರೆ ಕೊಳದಿಂದ ನೀರು ತುಂಬಿಕೊಳ್ಳಲು ಬಂದ ಖಾಲಿ ಕೊಡ. ಖಾಲಿ ಕೊಡದ ತಳದಲ್ಲಿ ಹಿಂದಿನ ಬಳಕೆಯ ಧೂಳು ಕಸ ಏನಾದರೂ ಉಳಿದಿದ್ದರೆ ಅದನ್ನೂ ಕೊಳಕ್ಕೆ ಜಾಲಾಡಿಸಿಬಿಡೋಣ, ಒಂದಿಷ್ಟು ಅನಿಶ್ಚಿತತೆ ಹೆಚ್ಚಾದರೆ ಆಗಲಿ ಎಂಬುದು ಮೂಲ ಲೇಖಕರ ಲೆಕ್ಕ. ಕಸದಿಂದ ರಸ ಎನ್ನುತ್ತೇವಲ್ಲ, ಅಕ್ಷರಶಃ ಅದೇ. ಈ ಎರಡನೆಯ ಸಾಲನ್ನು ತೆಗೆದರೆ ಹೇಳಿಕೊಳ್ಳುವ ನಷ್ಟವಿಲ್ಲ. ಮೊದಲನೆಯದನ್ನು ತೆಗೆದರೆ ಕೊಳಕ್ಕೆ ನೀರೇ ಇಲ್ಲ.

ಯಂತ್ರದ ತಕರಾರು

ಪ್ರೋಗ್ರಾಮ್‌ಗಳಲ್ಲಿ ಇಂಥ ‘ಖಾಲಿ ಕೊಡ’ವನ್ನು ಇಣುಕಿ ನೋಡುವುದು ಸಾಮಾನ್ಯವಾಗಿ ದೋಷ. ಬೆಲೆ ತುಂಬದ ಸ್ಮೃತಿಯನ್ನು ಓದಿದರೆ ಫಲ ಏನು ಬೇಕಾದರೂ ಆಗಬಹುದು. ಅಂಥ ದೋಷ ಹಿಡಿಯುವ ಉಪಕರಣಗಳಲ್ಲಿ ಮೊದಲು ಹೆಸರಾದದ್ದು 1991ರಲ್ಲಿ ಬಂದ ಪ್ಯೂರಿಫೈ. ಅದರ ಕರ್ತೃ ರೀಡ್ ಹೇಸ್ಟಿಂಗ್ಸ್, ಮುಂದೆ ನೆಟ್‌ಫ್ಲಿಕ್ಸ್ ಕಟ್ಟಿದವರಲ್ಲಿ ಒಬ್ಬರು. 2002ರಲ್ಲಿ ಅದೇ ಬಗೆಯ ಮುಕ್ತ ಉಪಕರಣ ವಾಲ್‌ಗ್ರಿಂಡ್ ಬಿಡುಗಡೆಯಾಯಿತು. ಓಪನ್‌ಎಸ್‌ಎಸ್‌ಎಲ್ ಬಳಸುವ ಯಾವ ಪ್ರೋಗ್ರಾಮನ್ನು ವಾಲ್‌ಗ್ರಿಂಡ್‌ಗೆ ಒಡ್ಡಿದರೂ ಅದು ರಾಶಿ ರಾಶಿ ಎಚ್ಚರಿಕೆ ಉಗುಳುತ್ತಿತ್ತು. ತಮ್ಮ ಪ್ರೋಗ್ರಾಮಿನ ನಿಜವಾದ ತಪ್ಪು ಹುಡುಕುವವರಿಗೆ ಈ ರಾಶಿಯಲ್ಲಿ ಏನೂ ಕಾಣುತ್ತಿರಲಿಲ್ಲ. ತಕರಾರು ನ್ಯಾಯವಾದದ್ದೇ.

ಡೆಬಿಯನ್ ಎಂಬ ಲಿನಕ್ಸ್ ವಿತರಣೆಗಾಗಿ ಓಪನ್‌ಎಸ್‌ಎಸ್‌ಎಲ್ ಅನ್ನು ಸಿದ್ಧಪಡಿಸುವ ಸ್ವಯಂಸೇವಕರಿಗೆ ಈ ದೂರು 2006ರ ಏಪ್ರಿಲ್‌ನಲ್ಲಿ ಬಂತು. ಮೇ 1ರಂದು ಅವರು ಓಪನ್‌ಎಸ್‌ಎಸ್‌ಎಲ್ ಬಳಗಕ್ಕೆ ಪತ್ರ ಬರೆದರು. ಆ ಪತ್ರ ಇಂದಿಗೂ ಓದಲು ಸಿಗುತ್ತದೆ, ಅದರ ಪ್ರಾಮಾಣಿಕತೆ ಎದ್ದು ಕಾಣುತ್ತದೆ. ಕಡತದ 247ನೇ ಸಾಲು ಮತ್ತು 467ನೇ ಸಾಲು ವಾಲ್‌ಗ್ರಿಂಡ್‌ನ ಗದ್ದಲಕ್ಕೆ ಕಾರಣ. ಇವೆರಡನ್ನೂ ತೆಗೆಯುವುದೇ ಒಳ್ಳೆಯ ದಾರಿ ಎನಿಸುತ್ತದೆ. ಆದರೆ ಇದರಿಂದ ಸಂಖ್ಯೆ ಹುಟ್ಟಿಸುವ ಯಂತ್ರದ ಮೇಲೆ ಏನು ಪರಿಣಾಮ ಆಗುತ್ತದೋ ನನಗೆ ಗೊತ್ತಿಲ್ಲ, ನೀವೇನನ್ನುತ್ತೀರಿ? ಇದು ಪತ್ರದ ಸಾರಾಂಶ. ಯೋಜನೆಯ ಕಡೆಯಿಂದ ಬಂದ ಉತ್ತರ ಚಿಕ್ಕದು: ದೋಷ ಹುಡುಕಲು ಅನುಕೂಲವಾಗುವುದಾದರೆ ತೆಗೆಯಬಹುದು.

ಕೂಡಲೇ ಎರಡೂ ಸಾಲು ಹೋದವು. ಸೆಪ್ಟೆಂಬರ್ 17ರಂದು ಬದಲಾದ ಆವೃತ್ತಿ ಡೆಬಿಯನ್‌ನ ಅಸ್ಥಿರ ಶಾಖೆಗೆ ಸೇರಿತು. ಮುಂದಿನ ವರ್ಷ ಸ್ಥಿರ ಬಿಡುಗಡೆಯೊಂದಿಗೆ ಎಲ್ಲೆಡೆ ಹರಡಿತು. ಡೆಬಿಯನ್‌ನಿಂದ ಕೋಡು ಪಡೆಯುವ ಉಬುಂಟುವಿಗೂ ಹೋಯಿತು.

ಕೊಳಕ್ಕೆ ಕೊಡಗಳು ಬರುತ್ತಲೇ ಇದ್ದವು, ಸುರಿಯುವ ಆದೇಶ ಮಾತ್ರ ಇರಲಿಲ್ಲ. ಕೀಲಿಯಿಂದ ಕೀಲಿಗೆ ಬದಲಾಗುವಂಥದ್ದು ಎಂದು ಒಳಗೆ ಉಳಿದದ್ದು ಒಂದೇ, ಓಡುತ್ತಿರುವ ಪ್ರೋಗ್ರಾಮಿಗೆ ವ್ಯವಸ್ಥೆ ಕೊಡುವ ಕ್ರಮಸಂಖ್ಯೆ. ಲಿನಕ್ಸ್‌ನಲ್ಲಿ ಆಗ ಅದರ ಸಾಮಾನ್ಯ ಮಿತಿ 32,768. ಅಂದರೆ ಒಂದು ಬಗೆಯ ಯಂತ್ರದಲ್ಲಿ, ಒಂದು ಬಗೆಯ, ಒಂದು ಗಾತ್ರದ ಕೀಲಿಗಳನ್ನು ಎಷ್ಟು ಕೋಟಿ ಜನ ತಯಾರಿಸಿಕೊಂಡರೂ ಹುಟ್ಟಬಹುದಾದ ಬೇರೆ ಬೇರೆ ಕೀಲಿಗಳು ಹೆಚ್ಚೆಂದರೆ ಅಷ್ಟೇ. ಬೀಗದ ಕಾರ್ಖಾನೆಯೊಂದು ಇಡೀ ದೇಶಕ್ಕೆ ಮೂವತ್ತಮೂರು ಸಾವಿರಕ್ಕೂ ಕಡಿಮೆ ಅಚ್ಚುಗಳಲ್ಲಿ ಬೀಗ ಹಂಚಿದ ಹಾಗೆ. ಕಳ್ಳನಿಗೆ ಒಂದು ಗೋಣಿಚೀಲ ಕೀಲಿ ಸಾಕು.

ಇದು ಯಾಕೆ ಯಾರ ಕಣ್ಣಿಗೂ ಬೀಳಲಿಲ್ಲ? ಒಂದೊಂದೇ ಕೀಲಿಯನ್ನು ನೋಡಿದರೆ ಅದು ಚೆನ್ನಾಗಿಯೇ ಇತ್ತು. ಸಂಖ್ಯೆಗಳು ಎಂದಿನಂತೆ ಅಸ್ತವ್ಯಸ್ತವಾಗಿಯೇ ಕಾಣುತ್ತಿದ್ದವು. ಯಾವ ಪ್ರೋಗ್ರಾಮೂ ನಿಲ್ಲಲಿಲ್ಲ, ಯಾವ ಪರೀಕ್ಷೆಯೂ ಸೋಲಲಿಲ್ಲ. ಮೇಲಾಗಿ ವಾಲ್‌ಗ್ರಿಂಡ್ ಈಗ ಸುಮ್ಮನಾಗಿತ್ತು. ಡೆಬಿಯನ್ ಬಳಗದ ಲುಸಿಯಾನೊ ಬೆಲ್ಲೊ ಇದನ್ನು ಪತ್ತೆ ಹಚ್ಚಿದ ಮೇಲೆ 2008ರ ಮೇ 13ರಂದು ಡೆಬಿಯನ್ ಬಹಿರಂಗ ಎಚ್ಚರಿಕೆ ಹೊರಡಿಸಿತು. ಕೆಲವೇ ದಿನಗಳಲ್ಲಿ ಆ ‘ಗೋಣಿಚೀಲ’ವನ್ನು ಮೊದಲೇ ತಯಾರಿಸಿ ಪ್ರಕಟಿಸಿದವರೂ ಬಂದರು. ಸರ್ವರ್‌ಗಳನ್ನು ನೋಡಿಕೊಳ್ಳುವವರೆಲ್ಲ ಕೀಲಿಗಳನ್ನು ಎಸೆದು ಹೊಸದಾಗಿ ಮಾಡಿಕೊಳ್ಳಬೇಕಾಯಿತು. ಡಿಎಸ್‌ಎ ಎಂಬ ಬಗೆಯ ಕೀಲಿಗಳ ಪಾಡು ಇನ್ನೂ ಕೆಟ್ಟದ್ದು. ಬೇರೆ ಯಂತ್ರದಲ್ಲಿ ಸರಿಯಾಗಿಯೇ ಹುಟ್ಟಿದ ಕೀಲಿಯಿಂದಲೂ ಈ ದೋಷವಿದ್ದ ಯಂತ್ರದಲ್ಲಿ ಒಮ್ಮೆ ಸಹಿ ಹಾಕಿದ್ದರೆ ಅದೂ ಬಯಲಾದಂತೆಯೇ ಲೆಕ್ಕ. ಗುರುತು ಮರೆಸಿಕೊಂಡು ಅಂತರ್ಜಾಲ ಬಳಸಬೇಕಾದವರು ನೆಚ್ಚಿಕೊಂಡ ಟಾರ್ ಜಾಲವೂ ತನ್ನ ಕೆಲವು ಮುಖ್ಯ ಕೀಲಿಗಳನ್ನು ಬದಲಿಸಿತು. ಹಾಗೆ ಗುರುತು ಮರೆಸಿಕೊಂಡವರಲ್ಲಿ ಸರಕಾರಗಳಿಗೆ ಹೆದರಿ ಬರೆಯುವವರೂ ಇದ್ದರು. ಏಳು ವರ್ಷಗಳ ನಂತರ, 2015ರಲ್ಲಿ, ಗಿಟ್‌ಹಬ್‌ನಲ್ಲಿ ಇನ್ನೂ ಇಂಥ ಕೀಲಿಗಳನ್ನೇ ಬಳಸುತ್ತಿದ್ದವರು ಸಿಕ್ಕರು. ಕೋಡಿನ ತಪ್ಪನ್ನು ಒಂದು ದಿನದಲ್ಲಿ ಸರಿಪಡಿಸಬಹುದು, ಅದು ಹುಟ್ಟಿಸಿದ್ದನ್ನು ಹಾಗೆ ವಾಪಸು ಕರೆಯಲು ಬರುವುದಿಲ್ಲ.

ಪಕ್ಕದಲ್ಲಿ ಏನಿತ್ತು

ಅನಾಹುತ ತಿಳಿದ ಮೇಲೆ ಜಗಳ ನಡೆಯಿತು. ಮೂಲ ಯೋಜನೆಗೆ ತಿದ್ದುಪಡಿಯನ್ನು ಕಳಿಸದೆ ಡೆಬಿಯನ್ ತನ್ನಷ್ಟಕ್ಕೆ ಹಾಕಿಕೊಂಡದ್ದೇ ತಪ್ಪು ಎಂದರು ಕೆಲವರು. ಕೇಳಿದಾಗ ಆಗಲಿ ಎಂದವರು ನೀವೇ ಅಲ್ಲವೇ ಎಂದರು ಇನ್ನು ಕೆಲವರು. ನನಗೆ ಈ ಜಗಳಕ್ಕಿಂತ ಆ ಪತ್ರದ ರೂಪವೇ ಹೆಚ್ಚು ಹೇಳುತ್ತದೆ. ಪತ್ರದಲ್ಲಿ ಸಾಲಿನ ಸಂಖ್ಯೆ ಇತ್ತು, ಸಾಲೂ ಇತ್ತು. ಸಾಲು ಯಾವ ಫಂಕ್ಷನ್ನಿನೊಳಗೆ ಕೂತಿದೆ ಎಂಬುದು ಇರಲಿಲ್ಲ. ಎರಡು ಸಾಲುಗಳೂ ಅವಳಿಗಳಂತೆ ಕಾಣುತ್ತಿದ್ದವು. 467ನೆಯದರ ಪಕ್ಕದಲ್ಲಿ ಮೂಲ ಲೇಖಕರೇ ಬರೆದ ಪುಟ್ಟ ಟಿಪ್ಪಣಿಯಿತ್ತು, ಪ್ಯೂರಿಫೈ ಇದಕ್ಕೆ ತಕರಾರು ಮಾಡುತ್ತದೆ ಎಂದು. ಪ್ಯೂರಿಫೈ ಬಳಸುವವರು ಆ ಸಾಲನ್ನು ಬಿಟ್ಟು ಲೈಬ್ರರಿ ಕಟ್ಟಿಕೊಳ್ಳುವ ಏರ್ಪಾಡೂ ಇತ್ತು. 247ನೆಯದರ ಪಕ್ಕದಲ್ಲಿ ಏನೂ ಇರಲಿಲ್ಲ.

ಈ ಖಾಲಿ ಜಾಗವೇ ಇಡೀ ಪ್ರಕರಣದ ಹೃದಯ ಎಂದು ನನಗೆ ಅನ್ನಿಸುತ್ತದೆ. ಕೈಬಿಟ್ಟರೂ ನಡೆಯುವ ಸಾಲಿಗೆ ಟಿಪ್ಪಣಿ ಬರೆದವರು, ಕೈಬಿಡಲೇಬಾರದ ಸಾಲಿಗೆ ಯಾಕೆ ಬರೆಯಲಿಲ್ಲ? ಅದು ಅವರಿಗೆ ಅಷ್ಟು ಸ್ಪಷ್ಟವಾಗಿತ್ತು. ಕೊಳಕ್ಕೆ ನೀರು ಸುರಿಯುವ ಫಂಕ್ಷನ್ನಿನಲ್ಲಿ ನೀರು ಸುರಿಯುವ ಸಾಲಿಗೆ ವಿವರಣೆ ಬೇಕೇ? ಒಂದು ಕಾಲಕ್ಕೆ ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆದಿಡುವುದಿಲ್ಲ. ಹಾಗಾಗಿಯೇ ಮುಂದಿನವರಿಗೆ ಮೊದಲು ಕಳೆದುಹೋಗುವುದೂ ಅದೇ. ಚರಿತ್ರೆ ಓದುವವರಿಗೆ ಇದು ಹೊಸ ಮಾತಲ್ಲ. ಯುದ್ಧ, ದಾನಗಳ ವಿವರ ಶಾಸನಗಳಲ್ಲಿ ಸಿಗುತ್ತದೆ, ಮನೆಯಲ್ಲಿ ಅಂದು ಏನು ಅಡುಗೆ ಮಾಡಿದರು ಎಂಬುದು ಸಿಗುವುದಿಲ್ಲ.

ನಮ್ಮಲ್ಲಿ ಗ್ರಂಥಸಂಪಾದನೆ ಓದಿದವರಿಗೆ ಇನ್ನೊಂದು ಹೋಲಿಕೆ ತಟ್ಟನೆ ಹೊಳೆಯಬಹುದು. ಓಲೆಗರಿಯ ಪ್ರತಿ ಮಾಡುವ ಲಿಪಿಕಾರರಲ್ಲಿ ಎರಡು ಬಗೆ. ನಿದ್ದೆಗಣ್ಣಿನಲ್ಲಿ ಅಕ್ಷರ ಬಿಡುವವನು ಒಬ್ಬ. ಅರ್ಥವಾಗದ ಪದ ಕಂಡರೆ ಇದು ಹಿಂದಿನವನ ತಪ್ಪಿರಬೇಕೆಂದು ಬಗೆದು, ತನಗೆ ತಿಳಿದ ಪದ ಹಾಕಿ ತಿದ್ದುವವನು ಇನ್ನೊಬ್ಬ. ಮೊದಲನೆಯವನ ತಪ್ಪು ಮೇಲ್ನೋಟಕ್ಕೇ ಗೊತ್ತಾಗುತ್ತದೆ, ಏಕೆಂದರೆ ಅಲ್ಲಿ ಅರ್ಥ ಕೆಡುತ್ತದೆ. ಎರಡನೆಯವನು ತಿದ್ದಿದ ಪಾಠ ಮೂಲಕ್ಕಿಂತ ಸಲೀಸಾಗಿ ಓದಿಸಿಕೊಳ್ಳುತ್ತದೆ, ಆದ್ದರಿಂದ ಸಂಪಾದಕನನ್ನು ದಾರಿ ತಪ್ಪಿಸುವುದೂ ಅವನೇ. ಸುಲಭವಾದ ಪಾಠಕ್ಕಿಂತ ಕ್ಲಿಷ್ಟ ಪಾಠವನ್ನು ಹೆಚ್ಚು ನಂಬು ಎಂಬ ಸಂಪಾದನಾ ಸೂತ್ರ ಹುಟ್ಟಿದ್ದು ಈ ಅನುಭವದಿಂದ. ಡೆಬಿಯನ್‌ನಲ್ಲಿ ಆದದ್ದು ಎರಡನೆಯ ಬಗೆಯದು. ತಿದ್ದಿದ ಮೇಲೆ ಪಠ್ಯ ಮೊದಲಿಗಿಂತ ಚೊಕ್ಕವಾಗಿತ್ತು.

ಓದುವ ಪದ್ಧತಿ ಬದಲಾದ ಬಗೆ

ಬೇರೊಬ್ಬರ ಕೋಡನ್ನು ಓದಿ ಒಪ್ಪುವ ಪದ್ಧತಿಗೂ ಒಂದು ಚರಿತ್ರೆಯಿದೆ. 1976ರಲ್ಲಿ ಐಬಿಎಂನ ಮೈಕೆಲ್ ಫೇಗನ್ ಕೋಡ್ ತಪಾಸಣೆಯ ಕಟ್ಟುನಿಟ್ಟಾದ ವಿಧಾನವೊಂದನ್ನು ಪ್ರಕಟಿಸಿದರು. ಕೆಲವರು ಒಂದು ಕೋಣೆಯಲ್ಲಿ ಕೂರುತ್ತಾರೆ, ಸಭೆ ನಡೆಸಲು ಒಬ್ಬರು ಇರುತ್ತಾರೆ, ‘ಓದುಗ’ ಎಂಬ ಪಾತ್ರ ವಹಿಸಿದವರು ಮುಂದಿರುವುದನ್ನು ತಮ್ಮ ಮಾತಿನಲ್ಲಿ ಬಿಡಿಸಿ ಹೇಳುತ್ತಾ ಹೋಗುತ್ತಾರೆ. ಗಮಕದಲ್ಲಿ ವಾಚನದ ಜೊತೆ ವ್ಯಾಖ್ಯಾನ ಇರುವ ಹಾಗೆ. ತನ್ನ ಮಾತಿನಲ್ಲಿ ಹೇಳಬೇಕಾದಾಗ ಅರ್ಥವಾಗದ್ದನ್ನು ದಾಟಿ ಹೋಗುವುದು ಕಷ್ಟ. 247ನೇ ಸಾಲಿನ ಮುಂದೆ ಇಂಥ ಒಬ್ಬ ಓದುಗ ನಿಂತು, ಇದು ಏನು ಮಾಡುತ್ತದೆ ಎಂದು ಹೇಳಲು ಬಾಯಿ ತೆರೆದಿದ್ದರೆ ಸಾಕಿತ್ತು.

ಆದರೆ ಆ ವಿಧಾನಕ್ಕೆ ಸಮಯ ಬೇಕು, ಸಂಬಳ ಬೇಕು, ಎಲ್ಲರೂ ಒಂದೇ ಊರಲ್ಲಿರಬೇಕು. ಬೇರೆ ಬೇರೆ ದೇಶಗಳಲ್ಲಿ ಕೂತ ಸ್ವಯಂಸೇವಕರಿಗೆ ಒದಗಿ ಬಂದವು ಇನ್ನೆರಡು ಪುಟ್ಟ ಉಪಕರಣಗಳು. ಎರಡು ಕಡತಗಳ ನಡುವಿನ ವ್ಯತ್ಯಾಸವನ್ನಷ್ಟೇ ತೋರಿಸುವ ‘ಡಿಫ್’ 1970ರ ದಶಕದ ಮೊದಲಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿತು. ಆ ವ್ಯತ್ಯಾಸವನ್ನು ಇನ್ನೊಬ್ಬರ ಕಡತಕ್ಕೆ ಹಚ್ಚುವ ‘ಪ್ಯಾಚ್’ ಅನ್ನು 1985ರಲ್ಲಿ ಲ್ಯಾರಿ ವಾಲ್ ಬರೆದರು. ಇಡೀ ಪುಸ್ತಕ ಕಳಿಸುವ ಬದಲು ಒಪ್ಪೋಲೆ ಕಳಿಸಿದರೆ ಸಾಕು ಎಂದಾಯಿತು. ಮುಕ್ತ ತಂತ್ರಾಂಶದ ಬೆಳವಣಿಗೆಗೆ ಇದರಿಂದಾದ ಉಪಕಾರ ದೊಡ್ಡದು. ಹಾಗೆಯೇ ಇದು ಓದುಗನ ಕಣ್ಣನ್ನೂ ಕಿರಿದು ಮಾಡಿತು. ಇಂದು ಸಾಮಾನ್ಯವಾಗಿ ಬದಲಾದ ಸಾಲಿನ ಮೇಲೆ ಮೂರು, ಕೆಳಗೆ ಮೂರು ಸಾಲು ಕಾಣುತ್ತವೆ. ಸೇರಿಸಿದ ಸಾಲಿನಲ್ಲಿ ಓದಲು ಏನೋ ಇರುತ್ತದೆ. ಅಳಿಸಿದ ಸಾಲಿನಲ್ಲಿ ಓದಬೇಕಾದದ್ದು ಉಳಿದ ಕಡತದಲ್ಲಿದೆ, ಕೆಲವೊಮ್ಮೆ ಇಪ್ಪತ್ತು ವರ್ಷ ಹಿಂದಿನ ಯಾರದೋ ತಲೆಯಲ್ಲಿದೆ.

ಸಣ್ಣ ಬದಲಾವಣೆಯನ್ನು ಸರಿಯಾಗಿ ಓದಿದ ಉದಾಹರಣೆಯೂ ಇದೆ. 2003ರ ನವೆಂಬರಿನಲ್ಲಿ ಲಿನಕ್ಸ್ ಕರ್ನೆಲ್ ಕೋಡಿನ ಒಂದು ಪ್ರತಿಯೊಳಗೆ ಯಾರೋ ಎರಡು ಸಾಲು ತೂರಿಸಿದರು. ನೋಡಲು ಸಾಮಾನ್ಯ ದೋಷ ತಪಾಸಣೆ. ಆದರೆ ಬಳಕೆದಾರನ ಸಂಖ್ಯೆ ಸೊನ್ನೆಯೇ ಎಂದು ‘ಕೇಳಲು’ ಎರಡು ಸಮಚಿಹ್ನೆ ಇರಬೇಕಾದ ಕಡೆ ಒಂದೇ ಇತ್ತು. ಸಿ ಭಾಷೆಯಲ್ಲಿ ಒಂದು ಸಮಚಿಹ್ನೆ ಎಂದರೆ ಸಂಖ್ಯೆಯನ್ನು ಸೊನ್ನೆ ‘ಮಾಡು’ ಎಂದರ್ಥ, ಸೊನ್ನೆ ಎಂದರೆ ವ್ಯವಸ್ಥೆಯ ಸರ್ವಾಧಿಕಾರಿ. ಗುಟ್ಟು ಬಲ್ಲ ಸಾಮಾನ್ಯ ಬಳಕೆದಾರ ಕ್ಷಣದಲ್ಲಿ ಯಜಮಾನನಾಗಬಹುದಿತ್ತು. ಇದು ಬೇಗನೆ ಸಿಕ್ಕಿಬಿತ್ತು. ಕಾರಣ, ಮುಖ್ಯ ಭಂಡಾರದಲ್ಲಿ ಈ ಬದಲಾವಣೆಯ ದಾಖಲೆಯೇ ಇರಲಿಲ್ಲ. ಅದು ಎಲ್ಲಿಂದ ಬಂತು, ಯಾರು ಒಪ್ಪಿದರು ಎಂಬ ವಂಶಾವಳಿ ಇಲ್ಲದ ಸಾಲು ಅದು. ಮರುವರ್ಷ, 2004ರಲ್ಲಿ, ಕೋಡಿನ ಒಡೆತನದ ಬಗ್ಗೆ ನಡೆಯುತ್ತಿದ್ದ ಮೊಕದ್ದಮೆಯೊಂದರ ಬಿಸಿಯಲ್ಲಿ, ಕರ್ನೆಲ್‌ಗೆ ಬರುವ ಪ್ರತಿ ಬದಲಾವಣೆಯ ಕೆಳಗೂ ಅದನ್ನು ದಾಟಿಸಿದವರು ಸಹಿ ಹಾಕುವ ಪದ್ಧತಿ ಬಂತು. ಕಾನೂನಿನ ಕಾರಣಕ್ಕೆ ಶುರುವಾದರೂ, ಕಾಲಾಂತರದಲ್ಲಿ ಓದಿದವರ ಹೆಸರು, ಪರೀಕ್ಷಿಸಿದವರ ಹೆಸರು, ಯಾವ ಹಳೆಯ ತಪ್ಪನ್ನು ಇದು ಸರಿಪಡಿಸುತ್ತದೆ ಎಂಬ ಉಲ್ಲೇಖ ಎಲ್ಲವೂ ಆ ಸಹಿಯ ಪಕ್ಕ ಸೇರಿಕೊಂಡವು.

ಗುಡಿಸದಿದ್ದರೂ ಕಷ್ಟ

ಹಾಗಾದರೆ ಹಳೆಯ ಕೋಡನ್ನು ಮುಟ್ಟಲೇಬಾರದೇ? ಅಪ್ಪ ನೆಟ್ಟ ಆಲದಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬೇಕೇ ಎಂಬ ಗಾದೆ ನಮ್ಮಲ್ಲೇ ಇದೆ. ಅದಕ್ಕೂ ಓಪನ್‌ಎಸ್‌ಎಸ್‌ಎಲ್ಲೇ ಸಾಕ್ಷಿ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಯಿತು. ಎದುರಿನವನು ಹೇಳಿದ ಉದ್ದವನ್ನು ತಾಳೆ ನೋಡದೆ ನಂಬಿ, ಸರ್ವರಿನ ಸ್ಮೃತಿಯಲ್ಲಿದ್ದ ಗುಟ್ಟುಗಳನ್ನು ಹೊರಗೆ ಸುರಿಯುವ ದೋಷ ಅದು. ಎರಡು ವರ್ಷ ಎಲ್ಲರ ಕಣ್ಣೆದುರೇ ಇತ್ತು. ಸಾಕಷ್ಟು ಕಣ್ಣುಗಳಿದ್ದರೆ ಯಾವ ದೋಷವೂ ಅಡಗಿರಲಾರದೆಂಬ ಮುಕ್ತ ತಂತ್ರಾಂಶದ ಹೆಮ್ಮೆಯ ನಂಬಿಕೆಗೆ ಅಂದು ದೊಡ್ಡ ಪೆಟ್ಟು ಬಿತ್ತು. ಕೋಡು ಅಷ್ಟು ಗೋಜಲಾಗಿದ್ದರೆ ಕಣ್ಣುಗಳು ಅತ್ತ ತಿರುಗುವುದೇ ಇಲ್ಲ.

ಓಪನ್‌ಬಿಎಸ್‌ಡಿ ಬಳಗ ಕೂಡಲೇ ಆ ಕೋಡನ್ನು ಕವಲೊಡೆಸಿ ಲಿಬ್ರೆಎಸ್‌ಎಸ್‌ಎಲ್ ಎಂದು ಹೆಸರಿಟ್ಟು ಗುಡಿಸಲು ನಿಂತಿತು. ಮೊದಲ ವಾರದಲ್ಲೇ 90,000ಕ್ಕೂ ಹೆಚ್ಚು ಸಾಲುಗಳು ಹೊರಬಿದ್ದವು. ಸತ್ತುಹೋದ ಕಾರ್ಯಾಚರಣ ವ್ಯವಸ್ಥೆಗಳಿಗಾಗಿ ಬರೆದಿಟ್ಟದ್ದೂ ಅದರಲ್ಲಿತ್ತು. ಓದಲು ಬರುವಂಥ ಕೋಡು ಕೊನೆಗೂ ಕಾಣಿಸಿತು. ಆದರೆ ಅದೇ ಜುಲೈನಲ್ಲಿ ಲಿನಕ್ಸ್‌ಗೆಂದು ಹೊರಬಂದ ಅದರ ಆವೃತ್ತಿಯಲ್ಲಿ, ಕೆಲವು ವಿರಳ ಸಂದರ್ಭಗಳಲ್ಲಿ ಎರಡು ಪ್ರೋಗ್ರಾಮ್‌ಗಳಿಗೆ ಒಂದೇ ಯಾದೃಚ್ಛಿಕ ಸಂಖ್ಯೆಗಳು ಸಿಗಬಹುದೆಂದು ಒಬ್ಬರು ತೋರಿಸಿದರು. ಕೆಲವೇ ದಿನಗಳಲ್ಲಿ ತಿದ್ದುಪಡಿ ಬಂತು. ಮತ್ತೆ ಅದೇ ಕೊಳ, ಅದೇ ಕ್ರಮಸಂಖ್ಯೆ. ಗುಡಿಸುವುದು ಅಗತ್ಯ, ಗುಡಿಸುವುದು ಅಪಾಯ: ಎರಡೂ ಮಾತು ಒಂದೇ ವರ್ಷದಲ್ಲಿ, ಒಂದೇ ಕೋಡಿನಲ್ಲಿ ನಿಜವಾದವು.

ಸಣ್ಣ ಉಪಕಾರಗಳ ದಾರಿ

ಇಲ್ಲಿಯವರೆಗಿನ ಓಪನ್‌ಎಸ್‌ಎಸ್‌ಎಲ್ ಕಥೆಗಳಲ್ಲಿ ಎಲ್ಲರೂ ಒಳ್ಳೆಯ ಮನಸ್ಸಿನವರು. ಕೊನೆಯ ಎರಡು ಪ್ರಸಂಗಗಳು ಹಾಗಲ್ಲ.

ಮಿನ್ನೆಸೊಟ ವಿಶ್ವವಿದ್ಯಾಲಯದ ಸಂಶೋಧಕರು ಸಣ್ಣ ದೋಷ ಸರಿಪಡಿಸುವ ನೆಪದ ಪ್ಯಾಚ್‌ಗಳಲ್ಲಿ ಹೊಸ ದೋಷ ಅಡಗಿಸಿ ಬೇರೆ ಹೆಸರುಗಳಲ್ಲಿ ಲಿನಕ್ಸ್ ಕರ್ನೆಲ್‌ಗೆ ಕಳಿಸಿದರು. ಪರಿಶೀಲಕರು ಹಿಡಿಯುತ್ತಾರೋ ಇಲ್ಲವೋ ನೋಡುವುದು ಉದ್ದೇಶ. ಆ ಪ್ಯಾಚ್‌ಗಳು ಕರ್ನೆಲ್‌ನೊಳಗೆ ಸೇರದಂತೆ ತಡೆದೆವೆಂದು ಅವರು ಹೇಳಿದರು. 2021ರ ಏಪ್ರಿಲ್‌ನಲ್ಲಿ ಅದೇ ಗುಂಪಿನಿಂದ ಮತ್ತೆ ಅನುಮಾನ ಹುಟ್ಟಿಸುವ ಪ್ಯಾಚ್‌ಗಳು ಬಂದಾಗ ಕರ್ನೆಲ್ ನಿರ್ವಾಹಕರು ಸಿಟ್ಟಾಗಿ ಇಡೀ ವಿಶ್ವವಿದ್ಯಾಲಯದ ಕೊಡುಗೆಗಳಿಗೆ ಬಾಗಿಲು ಹಾಕಿದರು. ಪ್ರಬಂಧ ಹಿಂತೆಗೆಯಲಾಯಿತು. ಅಲ್ಲಿಂದ ಹಿಂದೆ ಬಂದಿದ್ದ 400ಕ್ಕೂ ಹೆಚ್ಚು ಬದಲಾವಣೆಗಳನ್ನು ಸ್ವಯಂಸೇವಕರು ಕೂತು ಮತ್ತೆ ಓದಿದರು, ಬಹುಪಾಲು ಸರಿಯಾಗಿಯೇ ಇದ್ದವು. ಪ್ರಬಂಧ ಬರೆಯುವ ಒತ್ತಡ ಎಂಥದ್ದೆಂದು ಸಂಶೋಧನಾ ವಿದ್ಯಾರ್ಥಿಯಾದ ನನಗೆ ಗೊತ್ತು. ಅವರ ಪ್ರಶ್ನೆಯಲ್ಲಿ ಹುರುಳಿತ್ತು ಎಂದೂ ಒಪ್ಪುತ್ತೇನೆ. ಆದರೆ ಅವರು ಪ್ರಯೋಗಕ್ಕೆ ಬಳಸಿಕೊಂಡದ್ದು ಮನುಷ್ಯರ ಸಮಯವನ್ನು, ಅದೂ ಕೇಳದೆ. ಓದುವವರ ಗಮನ 2006ರಲ್ಲೂ ಕಡಿಮೆಯಿತ್ತು, 2021ರಲ್ಲೂ ಕಡಿಮೆಯೇ ಇತ್ತು. ಇದ್ದಷ್ಟನ್ನು ಖರ್ಚು ಮಾಡಿ, ಅದು ಕಡಿಮೆಯಿದೆ ಎಂದು ಸಾಬೀತು ಮಾಡಿದಂತಾಯಿತು.

ಎರಡನೆಯ ಪ್ರಸಂಗ ಇನ್ನೂ ಕರಾಳ. ಎಕ್ಸ್‌ಜಡ್ ಎಂಬುದು ದತ್ತಾಂಶ ಕುಗ್ಗಿಸುವ ಲೈಬ್ರರಿ, ಬಹುತೇಕ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇದೆ. ಅದನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ಕಾಪಾಡಿದವರು ಲಾಸ್ಸೆ ಕೊಲಿನ್. 2021ರ ಕೊನೆಯಲ್ಲಿ ‘ಜಿಯಾ ಟಾನ್’ ಎಂಬ ಹೆಸರಿನಿಂದ ಮೊದಲ ಪ್ಯಾಚ್ ಬಂತು. ಕೋಡ್ ಬರೆಯುವಾಗ ಎಲ್ಲರ ಎಡಿಟರ್‌ಗಳೂ ಒಂದೇ ರೀತಿ ಜಾಗ ಬಿಡುವಂತೆ ಮಾಡುವ ಪುಟ್ಟ ಕಡತ ಅದು. ಇದಕ್ಕಿಂತ ನಿರುಪದ್ರವಿಯಾದ ಉಪಕಾರ ಊಹಿಸಲೂ ಕಷ್ಟ. ಅದೇ ಕಾಲದಲ್ಲಿ ಇನ್ನೊಂದು ಲೈಬ್ರರಿಯಲ್ಲಿ ಅದೇ ಹೆಸರಿನವರು, ದೋಷ ಸಂದೇಶವನ್ನು ಸುಧಾರಿಸುವ ನೆಪದಲ್ಲಿ, ಸುರಕ್ಷಿತವಾಗಿ ಮುದ್ರಿಸುವ ಫಂಕ್ಷನ್ ತೆಗೆದು ಸಾಧಾರಣವಾದದ್ದನ್ನು ಹಾಕಿದ್ದು ಚರ್ಚೆಯಿಲ್ಲದೆ ಒಳಗೆ ಹೋಯಿತು. ಇತ್ತ ಎಕ್ಸ್‌ಜಡ್ ಯೋಜನೆ ನಿಧಾನವಾಗಿದೆ, ಬೇರೆಯವರಿಗೆ ವಹಿಸಿ ಎಂದು ಕೊಲಿನ್ ಮೇಲೆ ಒತ್ತಡ ಹೇರುವ ಪತ್ರಗಳು ಬಂದವು. ಹೊಸಬನಿಗೆ ನಿರ್ವಾಹಕನ ಪಟ್ಟ ಸಿಕ್ಕಿತು. 2024ರ ಫೆಬ್ರವರಿಯಲ್ಲಿ ಕಟ್ಟುವ ಕಡತವೊಂದಕ್ಕೆ ಸೇರಿದ ಒಂದು ಒಂಟಿ ಚುಕ್ಕೆ, ಸುರಕ್ಷತಾ ಏರ್ಪಾಡೊಂದರ ತಪಾಸಣೆ ಯಾವಾಗಲೂ ಸೋಲುವಂತೆ ಮಾಡಿತು. ಅದೇ ಹೊತ್ತಿಗೆ ಬಿಡುಗಡೆಯಾದ ಆವೃತ್ತಿಯಲ್ಲಿ ದೂರದಿಂದ ಯಂತ್ರದೊಳಗೆ ನುಗ್ಗುವ ಹಿಂಬಾಗಿಲು ಅಡಗಿತ್ತು.

2024ರ ಮಾರ್ಚ್ 29ರಂದು ಅದನ್ನು ಬಯಲಿಗೆಳೆದವರು ಆಂಡ್ರೆಸ್ ಫ್ರಾಯಿಂಡ್, ಪೋಸ್ಟ್‌ಗ್ರೆಸ್ ದತ್ತಸಂಚಯ ತಂತ್ರಾಂಶದ ಅಭಿವರ್ಧಕ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂಬುದು ಅವರ ಗಮನಕ್ಕೆ ಬಂತು. ಅದರ ಜೊತೆಗೆ ಇನ್ನೊಂದು ನೆನಪು ಸೇರಿಕೊಂಡಿತು: ಕೆಲವು ವಾರಗಳ ಹಿಂದೆ ವಾಲ್‌ಗ್ರಿಂಡ್ ಈ ಲೈಬ್ರರಿಯ ಬಗ್ಗೆ ಏನೋ ವಿಚಿತ್ರ ತಕರಾರು ಮಾಡಿತ್ತು. ಅಷ್ಟರಲ್ಲಿ ಹಿಂಬಾಗಿಲು ಇಟ್ಟವರು ವಾಲ್‌ಗ್ರಿಂಡ್‌ನ ಬಾಯಿ ಮುಚ್ಚಿಸಲು ಹೊಸ ಆವೃತ್ತಿಯಲ್ಲಿ ಪ್ರಯತ್ನಪಟ್ಟಿದ್ದರು ಕೂಡ. ಹದಿನೆಂಟು ವರ್ಷಗಳ ಅಂತರದಲ್ಲಿ ಅದೇ ಉಪಕರಣ, ಅದೇ ಬಗೆಯ ಎಚ್ಚರಿಕೆ. ಒಮ್ಮೆ ಅದನ್ನು ಗದ್ದಲವೆಂದು ನಿಲ್ಲಿಸಲಾಯಿತು. ಇನ್ನೊಮ್ಮೆ ಒಬ್ಬ ಮನುಷ್ಯ ಅದನ್ನು ಮರೆಯದೆ, ಯಾಕೆ ಎಂದು ಕೇಳುತ್ತಾ ಹೋದ.

ಈ ಎರಡು ತುದಿಗಳ ನಡುವೆ ಸಣ್ಣ ಕ್ಲೀನಪ್‌ಗಳ ಪರಿಶೀಲನೆ ಎಂಬ ಕೆಲಸದ ನಿಜವಾದ ರೂಪ ಕಾಣುತ್ತದೆ ಎಂದು ನನ್ನ ಅನಿಸಿಕೆ. ಬಂದ ಬದಲಾವಣೆ ಸರಿಯೇ ಎಂಬುದು ಅಲ್ಲಿ ಎರಡನೆಯ ಪ್ರಶ್ನೆ. ಮೊದಲನೆಯದು, ಈಗಿರುವುದು ಹೀಗೇಕಿದೆ? ಅದಕ್ಕೆ ಉತ್ತರ ಗೊತ್ತಿದ್ದರೆ ತೊಂಬತ್ತು ಸಾವಿರ ಸಾಲುಗಳನ್ನೂ ತೆಗೆಯಬಹುದು. ಗೊತ್ತಿಲ್ಲದಿದ್ದರೆ ಒಂದು ಚುಕ್ಕೆಯನ್ನೂ ಮುಟ್ಟುವ ಮುನ್ನ ಯೋಚಿಸಬೇಕು. ಉತ್ತರ ಹುಡುಕಲು ಸಮಯ ಬೇಕು, ಆ ಸಮಯಕ್ಕೆ ಕೂಲಿ ಕೊಡುವವರು ಇವತ್ತಿಗೂ ಕಡಿಮೆ. ಲೋಕದ ಬೀಗಗಳೆಲ್ಲ ಇಂಥ ಕೆಲವರ ಬಿಡುವಿನ ಸಂಜೆಗಳ ಮೇಲೆ ನಿಂತಿವೆ.

247ನೇ ಸಾಲಿನ ಕಥೆ ಮುಗಿದದ್ದು ಹೀಗೆ. ಡೆಬಿಯನ್ ಆ ಸಾಲನ್ನು ಮರಳಿ ಹಾಕಿತು. ಓಪನ್‌ಎಸ್‌ಎಸ್‌ಎಲ್‌ನ ಮುಂದಿನ ಆವೃತ್ತಿಗಳಲ್ಲಿ, ಹಿಂದೆ ಏನೂ ಇರದಿದ್ದ ಆ ಸಾಲಿನ ಸುತ್ತ ಉದ್ದನೆಯ ಟಿಪ್ಪಣಿ ಬಂತು. ಮೊದಲ ಮಾತು ಪೂರ್ತಿ ದೊಡ್ಡಕ್ಷರಗಳಲ್ಲಿ, ಕೂಗಿ ಹೇಳಿದ ಹಾಗೆ: ಈ ಸಾಲನ್ನು ತೆಗೆಯಬೇಡಿ. ವಾಲ್‌ಗ್ರಿಂಡ್, ಪ್ಯೂರಿಫೈಗಳು ತಕರಾರು ಮಾಡುವುದು ನಮಗೆ ಗೊತ್ತು, ತಪ್ಪಿರುವುದು ಇಲ್ಲಿ ಅಲ್ಲ, ಇದನ್ನು ಕರೆದ ಕಡೆ. ತೆಗೆದರೆ ಕೀಲಿಗಳು ಅಪಾಯಕ್ಕೆ ಬೀಳುತ್ತವೆ ಎಂದು ಕೆಳಗೆ ವಿವರಣೆ. 2018ರಲ್ಲಿ ಸಂಖ್ಯೆ ಹುಟ್ಟಿಸುವ ವ್ಯವಸ್ಥೆಯನ್ನೇ ಹೊಸದಾಗಿ ಬರೆದಾಗ ಆ ಹಳೆಯ ಕಡತ ಇಡಿಯಾಗಿ ಹೊರಗೆ ಹೋಯಿತು. ಸಾಲೂ ಹೋಯಿತು, ಟಿಪ್ಪಣಿಯೂ ಹೋಯಿತು. ಈ ಸಲ ತೆಗೆದವರಿಗೆ ಅದು ಯಾಕೆ ಅಲ್ಲಿತ್ತು ಎಂಬುದು ಗೊತ್ತಿತ್ತು.